"ನಿಂದು ಬರೀ ಐಡಿಯಾಲಜಿ!": ಒಂದು ಪದ ಬೈಗುಳವಾದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ಬಸ್ಸಲ್ಲೋ ಮೆಟ್ರೊದಲ್ಲೋ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ನಿದ್ದೆ ಬರಲಿ ಅಂತ ಹಾಕ್ಕೊಂಡಿರೋರಿಗೂ ಸ್ವಾಗತ. ಒಂದೊಂದು ಸಲ ಒಂದೊಂದು ಪದ ಹಿಡ್ಕೊಂಡು, ಅದು ಎಲ್ಲಿ ಹುಟ್ಟಿತು, ಎಲ್ಲೆಲ್ಲಿ ಸುತ್ತಾಡಿ ನಮ್ಮ ಬಾಯಿಗೆ ಬಂತು ಅಂತ ನೋಡ್ತೀವಲ್ಲ, ಇವತ್ತಿನ ಪದ ಐಡಿಯಾಲಜಿ.

ಈ ಪದ ಯಾಕೆ ತಗೊಂಡೆ ಅಂತ ಮೊದಲು ಹೇಳಿಬಿಡ್ತೀನಿ. ಸ್ವಲ್ಪ ದಿನದ ಹಿಂದೆ ನಮ್ಮ ಸಂಬಂಧಿಕರ ಮನೆ ಗೃಹಪ್ರವೇಶ. ಊಟಕ್ಕೆ ಎಲ್ಲ ಒಟ್ಟಿಗೆ ಕೂತಿದ್ವಿ. ಹೋಳಿಗೆ ಮೇಲೆ ತುಪ್ಪ ಬೀಳೋ ಹೊತ್ತಿಗೆ ಮಾತು ಮಹಿಳೆಯರ ಉಚಿತ ಬಸ್ ಕಡೆ ತಿರುಗಿತು. 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆ ಗೊತ್ತಲ್ಲ, ಅದೇ. ನಮ್ಮ ಚಿಕ್ಕಪ್ಪ "ಎಲ್ಲಾ ಬಿಟ್ಟಿ ಕೊಟ್ಟು ರಾಜ್ಯ ದಿವಾಳಿ ಮಾಡ್ತಾರೆ" ಅಂದರು. ದೊಡ್ಡಪ್ಪನ ಮಗಳು, ನನಗೆ ತಂಗಿ, ಡಿಗ್ರಿ ಓದ್ತಿದ್ದಾಳೆ, ಸುಮ್ಮನಿರಲಿಲ್ಲ. "ಚಿಕ್ಕಪ್ಪ, ನೀವು ದಿನಾ ಸ್ಕೂಟರಲ್ಲಿ ಓಡಾಡೋರು, ನಿಮಗೆ ಬಸ್ ಚಾರ್ಜಿನ ಕಷ್ಟ ಗೊತ್ತಿಲ್ಲ" ಅಂದಳು. ಮಾತಿಗೆ ಮಾತು ಬೆಳೀತು. ಕೊನೆಗೆ ಚಿಕ್ಕಪ್ಪ ಎಲೆ ಮಡಚಿ ಎದ್ದು ಹೇಳಿದ್ದು ಒಂದೇ ಮಾತು: "ನಿಂದು ಬರೀ ಐಡಿಯಾಲಜಿ ಕಣಮ್ಮ. ಕಾಲೇಜಲ್ಲಿ ತಲೆಗೆ ತುಂಬಿದಾರೆ. ನಾನು ಹೇಳ್ತಿರೋದು ಇದ್ದದ್ದು ಇದ್ದಹಾಗೆ."

ಅವಳು ಬಿಡ್ತಾಳಾ? "ಐಡಿಯಾಲಜಿ ನಂದಲ್ಲ ಚಿಕ್ಕಪ್ಪ, ನಿಮ್ಮದು. ವಾಟ್ಸ್‌ಆ್ಯಪ್ಪಲ್ಲಿ ಬಂದಿದ್ದು."

ಅವತ್ತು ರಾತ್ರಿ ಅವಳು ಫ್ಯಾಮಿಲಿ ಗ್ರೂಪಿಂದ ಲೆಫ್ಟ್ ಆದಳು. ಇಬ್ಬರೂ ಇವತ್ತಿಗೂ ಮಾತಾಡಿಲ್ಲ.

ನನಗೆ ತಲೆಯಲ್ಲಿ ಉಳಿದಿದ್ದು ಇಷ್ಟು. ಇಬ್ಬರೂ ಒಂದೇ ಪದವನ್ನ ಕಲ್ಲಿನ ಥರ ಎತ್ತಿ ಎಸೆದರು. ಇಬ್ಬರ ಲೆಕ್ಕದಲ್ಲೂ ಐಡಿಯಾಲಜಿ ಅಂದ್ರೆ ಎದುರಿಗಿರೋರ ಕಾಯಿಲೆ. ತಮಗೆ ಇರೋದು ಮಾತ್ರ ಸತ್ಯ. ಒಂದು ಪದ ಹೀಗೆ ಹೇಗಾಯ್ತು ಅಂತ ಹುಡುಕ್ತಾ ಹೋದೆ. ಹೋಗಿ ನಿಂತಿದ್ದು ಪ್ಯಾರಿಸ್ಸಿನ ಒಂದು ಜೈಲಿನ ಬಾಗಿಲಲ್ಲಿ.

ವರ್ಷ 1793. ಫ್ರಾನ್ಸ್‌ನಲ್ಲಿ ಕ್ರಾಂತಿಯಾಗಿ ನಾಲ್ಕು ವರ್ಷ. ರಾಜನ ತಲೆ ಆಗಲೇ ಉರುಳಿದೆ. ಈಗ ಕ್ರಾಂತಿ ಮಾಡಿದವರೇ ಒಬ್ಬರನ್ನೊಬ್ಬರು ಅನುಮಾನಿಸೋ ಕಾಲ. ಚರಿತ್ರೆಯಲ್ಲಿ ಇದಕ್ಕೆ ಭಯದ ಆಳ್ವಿಕೆ ಅಂತಾರೆ. ಆ ವರ್ಷ ನವೆಂಬರಿನಲ್ಲಿ ಜೈಲಿಗೆ ಬಿದ್ದವರಲ್ಲಿ ಒಬ್ಬ ಆಂತ್ವಾನ್ ದೆಸ್ತ್ಯೂ ದ ತ್ರಾಸಿ. ಹುಟ್ಟಿದ್ದು 1754ರಲ್ಲಿ, ಶ್ರೀಮಂತ ಮನೆತನದಲ್ಲಿ. ಸೈನ್ಯದಲ್ಲಿದ್ದವನು. 1789ರ ಸಭೆಯಲ್ಲಿ ಸದಸ್ಯನಾಗಿದ್ದವನು, ಅದೂ ಬದಲಾವಣೆ ಬೇಕು ಅಂದವರ ಪೈಕಿ.

ಇಲ್ಲೊಂದು ಸಣ್ಣ ವಿಷಯ. ನಾವು ಎಡಪಂಥ, ಬಲಪಂಥ ಅಂತೀವಲ್ಲ, ಅದು ಹುಟ್ಟಿದ್ದೂ ಅದೇ 1789ರ ಸಭೆಯಲ್ಲೇ. ರಾಜನಿಗೆ ಕಾನೂನನ್ನ ತಡೆಯೋ ಅಧಿಕಾರ ಇರಬೇಕಾ ಬೇಡವಾ ಅನ್ನೋ ಚರ್ಚೆ. ಇರಲಿ ಅಂದವರು ಅಧ್ಯಕ್ಷರ ಬಲಗಡೆ, ಬೇಡ ಅಂದವರು ಎಡಗಡೆ ಕೂತರು. ಕುರ್ಚಿ ಹಾಕಿದ್ದ ದಿಕ್ಕು ಮುಂದೆ ಇಡೀ ಜಗತ್ತಿನ ರಾಜಕೀಯದ ದಿಕ್ಕಾಯ್ತು.

ಸರಿ, ತ್ರಾಸಿ ಜೈಲಿಗೆ ಬರೋಣ. ಒಳಗೆ ಕೂತ ಮನುಷ್ಯನಿಗೆ ಯಾವತ್ತು ತನ್ನ ಹೆಸರು ಕೂಗ್ತಾರೋ ಗೊತ್ತಿಲ್ಲ. ಕೂಗಿದರೆ ವಿಚಾರಣೆ, ವಿಚಾರಣೆ ಆದರೆ ಬಹುಪಾಲು ಗಿಲೊಟಿನ್. ಅವನು ಪುಸ್ತಕ ಹಿಡಿದ. ಇಂಗ್ಲೆಂಡಿನ ಜಾನ್ ಲಾಕ್, ಫ್ರಾನ್ಸ್‌ನ ಕೊಂಡಿಯಾಕ್. ಇಬ್ಬರೂ ಕೇಳಿದ್ದು ಸುಮಾರು ಒಂದೇ ಪ್ರಶ್ನೆ: ಮನುಷ್ಯನ ತಲೆಯೊಳಗೆ ಯೋಚನೆಗಳು ಬರೋದು ಎಲ್ಲಿಂದ? ಹುಟ್ಟುವಾಗಲೇ ಬಂದಿರ್ತವಾ, ದೇವರು ಇಟ್ಟು ಕಳಿಸ್ತಾನಾ, ಇಲ್ಲಾ ಕಣ್ಣು ಕಿವಿ ಮೂಗು ಚರ್ಮದ ಮೂಲಕ ಒಳಗೆ ಬಂದಿದ್ದೇ ಮುಂದೆ ಯೋಚನೆ ಆಗುತ್ತಾ?

ಜೈಲಲ್ಲಿ ಕೂತವನಿಗೆ ಈ ಪ್ರಶ್ನೆ ಬರೀ ತತ್ವಶಾಸ್ತ್ರದ್ದಾಗಿರಲಿಲ್ಲ ಅಂತ ನನಗನ್ನಿಸುತ್ತೆ. ಹೊರಗಡೆ ನಡೀತಿದ್ದಿದ್ದು ನೋಡಿ. ಸ್ವಾತಂತ್ರ್ಯ, ಸಮಾನತೆ ಅಂತ ಹೊರಟ ಜನ ಅದೇ ಹೆಸರಲ್ಲಿ ನೆರೆಮನೆಯವರ ತಲೆ ತೆಗೀತಿದಾರೆ. ಒಳ್ಳೇ ಯೋಚನೆಯೊಂದು ತಲೆಯೊಳಗೆ ಹೋಗಿ ಏನಾಗಿ ಬದಲಾಗುತ್ತೆ? ಇದನ್ನ ಯಾರಾದರೂ ಕೂತು ಓದಬೇಡವಾ?

1794ರ ಜುಲೈ ಕೊನೆಯಲ್ಲಿ ರೊಬೆಸ್ಪಿಯರ್ ಅಧಿಕಾರ ಕಳಕೊಂಡ, ಮರುದಿನವೇ ಅವನೂ ಗಿಲೊಟಿನ್‌ಗೆ ಹೋದ. ಆಮೇಲೆ ಅದೇ ವರ್ಷ ತ್ರಾಸಿ ಜೀವಂತ ಹೊರಗೆ ಬಂದ. 1795ರಲ್ಲಿ ಫ್ರಾನ್ಸ್ ಒಂದು ರಾಷ್ಟ್ರೀಯ ವಿದ್ವತ್ ಸಂಸ್ಥೆ ಕಟ್ಟಿತು. 1796ರಲ್ಲಿ ಆ ಸಂಸ್ಥೆಯಲ್ಲಿ ಪ್ರಬಂಧ ಓದ್ತಾ ತ್ರಾಸಿ ಹೊಸ ವಿಜ್ಞಾನವೊಂದಕ್ಕೆ ಹೆಸರಿಟ್ಟ. ಐಡಿಯಾ ಅಂದ್ರೆ ಯೋಚನೆ, ಲೋಗೋಸ್ ಅಂದ್ರೆ ಅರಿವು, ಶಾಸ್ತ್ರ. ಎರಡೂ ಗ್ರೀಕ್ ಮೂಲದ್ದು. ಸೇರಿಸಿದರೆ ಐಡಿಯಾಲಜಿ. ಬಯಾಲಜಿ, ಜಿಯಾಲಜಿ ಇದ್ದ ಹಾಗೆ ಐಡಿಯಾಲಜಿ. ಕನ್ನಡದಲ್ಲಿ ಅವನಿಗೆ ಹೆಸರಿಡೋಕೆ ಹೇಳಿದ್ರೆ 'ವಿಚಾರಶಾಸ್ತ್ರ' ಅಂತಿದ್ದನೇನೋ.

ಬೇರೆ ಹೆಸರುಗಳು ಇರಲಿಲ್ಲ ಅಂತಲ್ಲ. ಮೆಟಾಫಿಸಿಕ್ಸ್ ಅನ್ನೋ ಪದ ಹಳೇದು, ಅದಕ್ಕೆ ಆಕಾಶಕ್ಕೆ ಏಣಿ ಹಾಕೋರ ವಾಸನೆ ಇತ್ತು. ಸೈಕಾಲಜಿ ಇತ್ತು, ಆದರೆ ಅದರ ಮೂಲ ಅರ್ಥ ಆತ್ಮದ ಶಾಸ್ತ್ರ. ಆತ್ಮದ ಬಗ್ಗೆ ನಮಗೆ ಗೊತ್ತಿದೆ ಅಂತ ಒಪ್ಪಿಕೊಂಡ ಹಾಗಾಗುತ್ತೆ. ಅದಕ್ಕೇ ಅವನಿಗೆ ಎರಡೂ ಬೇಡವಾಯ್ತು. ಅವನ ಪ್ರಕಾರ ಈ ಹೊಸ ಶಾಸ್ತ್ರ ಪ್ರಾಣಿಶಾಸ್ತ್ರದ ಒಂದು ಭಾಗ. ಹುಲಿ ಹೇಗೆ ಬೇಟೆ ಆಡುತ್ತೆ ಅಂತ ಓದಿದ ಹಾಗೆ ಮನುಷ್ಯ ಹೇಗೆ ಯೋಚಿಸ್ತಾನೆ ಅಂತ ಓದೋದು. ಅಷ್ಟೇ, ಇನ್ನೇನೂ ಗುಟ್ಟಿಲ್ಲ.

1801ರಿಂದ ಅವನು ಇದರ ಮೇಲೆ ಪುಸ್ತಕಗಳನ್ನೇ ಬರೆದ, ಅದೂ ಕ್ರಾಂತಿ ಆದಮೇಲೆ ತೆರೆದ ಹೊಸ ಶಾಲೆಗಳ ವಿದ್ಯಾರ್ಥಿಗಳಿಗೆ ಅಂತ. ಯೋಚನೆ ಅನ್ನೋದನ್ನ ನಾಲ್ಕು ಕೆಲಸಗಳಾಗಿ ಬಿಡಿಸಿಟ್ಟ. ಒಂದು, ಅನುಭವಿಸೋದು. ಎರಡು, ನೆನಪಿಟ್ಟುಕೊಳ್ಳೋದು. ಮೂರು, ಒಂದಕ್ಕೊಂದು ಹೋಲಿಸಿ ತೀರ್ಮಾನಕ್ಕೆ ಬರೋದು. ನಾಲ್ಕು, ಬಯಸೋದು. ನಾವು ಇದು ನನ್ನ ಅಭಿಪ್ರಾಯ ಅಂತ ಗಟ್ಟಿಯಾಗಿ ಹೇಳ್ತೀವಲ್ಲ, ಅದು ಈ ನಾಲ್ಕು ಮೆಟ್ಟಿಲು ಹತ್ತಿ ಬಂದಿರುತ್ತೆ. ಎಲ್ಲೋ ಒಂದು ಮೆಟ್ಟಿಲು ಜಾರಿದ್ರೆ ತೀರ್ಮಾನವೂ ವಾಲಿರುತ್ತೆ. ಹಿಂದಕ್ಕೆ ಇಳಿದು ನೋಡೋದನ್ನ ಮಕ್ಕಳಿಗೆ ಕಲಿಸಿದ್ರೆ ಮುಂದೆ ಯಾರೂ ಅವರನ್ನ ಸುಲಭಕ್ಕೆ ಮರುಳು ಮಾಡೋಕಾಗಲ್ಲ ಅನ್ನೋದು ಅವನ ಆಸೆ.

ಈ ನಾಲ್ಕು ಮೆಟ್ಟಿಲು ನೆನಪಿಟ್ಟುಕೊಳ್ಳಿ. ಕೊನೆಗೆ ಚಿಕ್ಕಪ್ಪನ ಹತ್ತಿರ ಹೋಗುವಾಗ ಬೇಕಾಗುತ್ತೆ.

ಒಟ್ಟಿನಲ್ಲಿ ಹುಟ್ಟಿದಾಗ ಐಡಿಯಾಲಜಿ ಅಂದ್ರೆ ಒಂದು ಪಕ್ಷದ ನಂಬಿಕೆ ಅಲ್ಲ, ಎಡ ಅಲ್ಲ, ಬಲ ಅಲ್ಲ. 'ಈ ಯೋಚನೆ ನನ್ನ ತಲೆಗೆ ಹೇಗೆ ಬಂತು' ಅಂತ ಕೇಳಿಕೊಳ್ಳೋ ಪಾಠ. ಬೆರಳು ತನ್ನ ಕಡೆಗೇ ತಿರುಗಿತ್ತು.

ಅದನ್ನ ಬೇರೆಯವರ ಕಡೆ ತಿರುಗಿಸಿದ್ದು ಯಾರು ಗೊತ್ತಾ? ನೆಪೋಲಿಯನ್.

ತಮಾಷೆ ಅಂದ್ರೆ, ಮೊದಲು ಅವನು ಇವರ ದೋಸ್ತ್. 1797ರಲ್ಲಿ ಅದೇ ವಿದ್ವತ್ ಸಂಸ್ಥೆಗೆ ಅವನೂ ಸದಸ್ಯನಾದ. ಪಂಡಿತರ ನಡುವೆ ಕೂರೋದು ಅವನಿಗೆ ಹೆಮ್ಮೆ. 1799ರ ನವೆಂಬರಿನಲ್ಲಿ ಅವನು ಅಧಿಕಾರ ಕಿತ್ತುಕೊಂಡಾಗ ಈ ಗುಂಪಿನ ಹಲವರು ಬೆಂಬಲಿಸಿದ್ದೂ ಹೌದು. ವಿದ್ಯಾವಂತ ಸೇನಾಪತಿ, ನಮ್ಮ ಮಾತು ಕೇಳ್ತಾನೆ ಅಂತ ನಂಬಿದ್ದರು.

ಕುರ್ಚಿ ಗಟ್ಟಿಯಾಗ್ತಿದ್ದ ಹಾಗೆ ಲೆಕ್ಕ ಬದಲಾಯ್ತು. ನೆಪೋಲಿಯನ್ನನಿಗೆ ಚರ್ಚಿನ ಜೊತೆ ರಾಜಿ ಬೇಕಿತ್ತು, 1801ರಲ್ಲಿ ಪೋಪ್ ಜೊತೆ ಒಪ್ಪಂದ ಮಾಡಿಕೊಂಡ. ಇವರೋ, ಯೋಚನೆಗಳೆಲ್ಲ ಇಂದ್ರಿಯಗಳಿಂದ ಬರ್ತವೆ ಅಂತ ಪಾಠ ಮಾಡ್ತಿದ್ದಾರೆ. ಅವನಿಗೆ ಪ್ರಶ್ನೆ ಕೇಳದ ಪ್ರಜೆಗಳು ಬೇಕು, ಇವರು ಪ್ರಶ್ನೆ ಕೇಳೋದನ್ನೇ ಪಠ್ಯ ಮಾಡಿದ್ದಾರೆ. 1802ರಲ್ಲಿ ಆ ಹೊಸ ಶಾಲೆಗಳನ್ನ ಮುಚ್ಚೋ ತೀರ್ಮಾನ ಆಯ್ತು. 1803ರಲ್ಲಿ ವಿದ್ವತ್ ಸಂಸ್ಥೆಯ ನೀತಿ ಮತ್ತು ರಾಜಕೀಯ ಶಾಸ್ತ್ರಗಳ ವಿಭಾಗವನ್ನೇ ರದ್ದು ಮಾಡಿದ. 1804ರಲ್ಲಿ ಚಕ್ರವರ್ತಿ ಆದ.

ಜೊತೆಗೆ ಒಂದು ಅಡ್ಡಹೆಸರೂ ಇಟ್ಟ. 'ಐಡಿಯೊಲಾಗ್'ಗಳು. ನೆಲದ ಮೇಲೆ ಕಾಲಿಲ್ಲದೆ, ಪುಸ್ತಕ ಓದಿ ದೇಶ ಆಳೋಕೆ ಬರೋರು ಅನ್ನೋ ಅರ್ಥ. ನಮ್ಮಲ್ಲಿ "ಇವರೆಲ್ಲ ಬುದ್ಧಿಜೀವಿಗಳು" ಅಂತ ಬಾಯಿ ಸೊಟ್ಟ ಮಾಡಿ ಅಂತಾರಲ್ಲ, ಹೆಚ್ಚುಕಮ್ಮಿ ಅದೇ ಧಾಟಿ.

ಈ ಬೈಗುಳ ಪಕ್ಕಾ ಆಗಿದ್ದು 1812ರಲ್ಲಿ. ಆ ವರ್ಷ ನೆಪೋಲಿಯನ್ ಲಕ್ಷಗಟ್ಟಲೆ ಸೈನಿಕರನ್ನ ಕಟ್ಟಿಕೊಂಡು ರಷ್ಯಾ ಮೇಲೆ ಹೋದ. ಏನಾಯ್ತು ಅಂತ ಗೊತ್ತೇ ಇದೆ. ಹಸಿವು, ಕಾಯಿಲೆ, ಯುದ್ಧ, ಚಳಿ. ಹೋದವರಲ್ಲಿ ಬಹುಪಾಲು ಜನ ವಾಪಸ್ ಬರಲಿಲ್ಲ. ಅವನು ಇನ್ನೂ ಅಲ್ಲೇ ಇರುವಾಗ, ಅಕ್ಟೋಬರ್ 23ರಂದು ಪ್ಯಾರಿಸ್ಸಿನಲ್ಲಿ ಮಾಲೆ ಅನ್ನೋ ಜನರಲ್ ಒಬ್ಬ, ಚಕ್ರವರ್ತಿ ರಷ್ಯಾದಲ್ಲಿ ಸತ್ತುಹೋದ ಅಂತ ನಕಲಿ ಕಾಗದಪತ್ರ ತೋರಿಸಿ, ಕೆಲವು ಗಂಟೆ ಕಾಲ ಅಧಿಕಾರವನ್ನೇ ಹಿಡಿದುಬಿಟ್ಟಿದ್ದ! ಇವತ್ತಿನ ಮಾತಲ್ಲಿ ಹೇಳೋದಾದ್ರೆ ಪಕ್ಕಾ ಫೇಕ್ ನ್ಯೂಸ್. ಸಿಕ್ಕಿಬಿದ್ದ, ಅದೇ ತಿಂಗಳು ಗುಂಡಿಗೆ ಬಲಿಯಾದ.

ಡಿಸೆಂಬರಿನಲ್ಲಿ ನೆಪೋಲಿಯನ್ ಪ್ಯಾರಿಸ್ಸಿಗೆ ಮರಳಿದ. ಸೈನ್ಯ ಹೋಗಿದೆ, ಮಾನವೂ ಹೋಗಿದೆ. 20ನೇ ತಾರೀಖು ರಾಜ್ಯಮಂಡಳಿ ಮುಂದೆ ಮಾತಾಡ್ತಾ ತಪ್ಪು ಯಾರ ಮೇಲೆ ಹಾಕಿದ? ರಷ್ಯಾದ ಚಳಿ ಮೇಲಲ್ಲ, ತನ್ನ ದುರಾಸೆ ಮೇಲಂತೂ ಅಲ್ಲವೇ ಅಲ್ಲ. ಫ್ರಾನ್ಸಿನ ಕಷ್ಟಕ್ಕೆಲ್ಲ ಈ ಐಡಿಯಾಲಜಿಯೇ ಕಾರಣ ಅಂದ.

ಎಂಥಾ ಜಾಣತನ ನೋಡಿ. ಸೋತ ರಾಜ ಎದುರಾಳಿಗಳ ಯೋಚನೆಗೆ ಒಂದು ಹೆಸರು ಕೊಟ್ಟು, ಆ ಹೆಸರನ್ನೇ ರೋಗ ಅಂತ ಘೋಷಿಸಿಬಿಟ್ಟ. ಆಮೇಲೆ ಅವರು ಏನು ಹೇಳಿದ್ರೂ ಉತ್ತರ ಕೊಡಬೇಕಾಗೇ ಇಲ್ಲ. "ಓ ಬಿಡಪ್ಪ, ಅದು ಐಡಿಯಾಲಜಿ" ಅಂದ್ರೆ ಮುಗೀತು. ಪದ ಹುಟ್ಟಿ ಆಗಿದ್ದು ಬರೀ ಹದಿನಾರು ವರ್ಷ. ಪ್ರಶ್ನೆಯಾಗಿ ಹುಟ್ಟಿದ್ದು ಬೈಗುಳ ಆಗೋಯ್ತು. ಅಂದ್ರೆ ಚಿಕ್ಕಪ್ಪ ಎಲೆ ಮಡಚಿ ಎದ್ದು ಅಂದ ಮಾತು, ತಂಗಿ ತಿರುಗಿಸಿ ಕೊಟ್ಟ ಮಾತು, ಎರಡೂ ನೆಪೋಲಿಯನ್ನನ ಎಂಜಲು. ಇಬ್ಬರಿಗೂ ಅದು ಗೊತ್ತಿಲ್ಲ ಅಷ್ಟೇ.

ತ್ರಾಸಿ ಕಥೆ ಅಲ್ಲಿಗೇ ಮುಗೀಲಿಲ್ಲ. ಅವನ ಇನ್ನೊಂದು ಪುಸ್ತಕ, ಮಾಂಟೆಸ್ಕ್ಯೂ ಮೇಲಿನ ವ್ಯಾಖ್ಯಾನ, ನೆಪೋಲಿಯನ್ನನ ಫ್ರಾನ್ಸಿನಲ್ಲಿ ಅಚ್ಚಾಗೋ ಹಾಗಿರಲಿಲ್ಲ. ಅದು 1811ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಲೇಖಕನ ಹೆಸರಿಲ್ಲದೆ, ಇಂಗ್ಲಿಷಿನಲ್ಲಿ ಬಂತು. ಆ ಅನುವಾದದ ಹಿಂದೆ ನಿಂತಿದ್ದು ಅಮೆರಿಕದ ಮಾಜಿ ಅಧ್ಯಕ್ಷ ಥಾಮಸ್ ಜೆಫರ್ಸನ್. ತ್ರಾಸಿ 1836ರವರೆಗೆ ಬದುಕಿದ್ದ. ಬೈದ ಚಕ್ರವರ್ತಿ 1821ರಲ್ಲೇ ದ್ವೀಪವೊಂದರಲ್ಲಿ ಕೈದಿಯಾಗಿ ಸತ್ತಿದ್ದ.

ಇನ್ನು ಎರಡನೇ ತಿರುವು. 1845, 46ರಲ್ಲಿ ಕಾರ್ಲ್ ಮಾರ್ಕ್ಸ್ ಮತ್ತು ಫ್ರೆಡರಿಕ್ ಎಂಗೆಲ್ಸ್ ಅನ್ನೋ ಇಬ್ಬರು ಯುವಕರು, ಹೌದು, ಆಗ ಇಬ್ಬರಿಗೂ ಮೂವತ್ತು ತುಂಬಿರಲಿಲ್ಲ, 'ಜರ್ಮನ್ ಐಡಿಯಾಲಜಿ' ಅಂತ ದೊಡ್ಡ ಹಸ್ತಪ್ರತಿ ಬರೆದರು. ಪ್ರಕಾಶಕರು ಸಿಗಲಿಲ್ಲ. ಅದು ಪೂರ್ತಿಯಾಗಿ ಅಚ್ಚಾಗಿದ್ದು 1932ರಲ್ಲಿ, ಇಬ್ಬರೂ ಸತ್ತು ಎಷ್ಟೋ ವರ್ಷ ಆದಮೇಲೆ.

ಅದರಲ್ಲಿ ಅವರು ಒಂದು ಉಪಮೆ ಕೊಟ್ಟರು: ಕ್ಯಾಮೆರಾ ಅಬ್ಸ್ಕ್ಯೂರಾ. ನಿಮ್ಮ ಫೋನಿನ ಕ್ಯಾಮೆರಾದ ಮುತ್ತಜ್ಜ ಅಂದ್ಕೊಳ್ಳಿ. ಕತ್ತಲೆ ಪೆಟ್ಟಿಗೆ, ಒಂದು ಕಡೆ ಸಣ್ಣ ತೂತು. ಹೊರಗಿನ ದೃಶ್ಯ ಒಳಗಿನ ಗೋಡೆ ಮೇಲೆ ಬೀಳುತ್ತೆ, ಆದರೆ ತಲೆಕೆಳಗಾಗಿ. ಐಡಿಯಾಲಜಿ ಕೂಡ ಹೀಗೇ ಅಂದರು. ಜನ ಹೇಗೆ ದುಡೀತಾರೆ, ಆಸ್ತಿ ಯಾರ ಕೈಲಿದೆ ಅನ್ನೋದು ನಿಜವಾದ ದೃಶ್ಯ. ಅದು ನಮ್ಮ ತಲೆಯೊಳಗೆ ಬೀಳುವಾಗ ತಿರುವುಮುರುವು ಆಗುತ್ತೆ. ಆಳೋರಿಗೆ ಅನುಕೂಲ ಆಗೋ ಯೋಚನೆಗಳೇ ಎಲ್ಲರಿಗೂ ಸಹಜ ಅನ್ನಿಸಿಬಿಡ್ತವೆ. 'ಲೋಕ ಇರೋದೇ ಹೀಗೆ' ಅಂತ ಬಡವನೂ ಹೇಳ್ತಾನೆ.

ನೆಪೋಲಿಯನ್ ಹೇಳಿದ್ದು ಐಡಿಯಾಲಜಿ ಅಂದ್ರೆ ಕನಸುಗಾರರ ಹುಚ್ಚು ಅಂತ. ಮಾರ್ಕ್ಸ್ ಹೇಳಿದ್ದು ಅದು ಯಜಮಾನರ ಮುಸುಕು ಅಂತ. ಇಬ್ಬರೂ ಹೇಳಿದ್ದು ತದ್ವಿರುದ್ಧ, ಆದರೆ ಇಬ್ಬರ ಬಾಯಲ್ಲೂ ಪದ ಕೆಟ್ಟದ್ದೇ.

ಮುಂದೆ ಇನ್ನೊಂದು ಉಲ್ಟಾ. 1902ರಲ್ಲಿ ಲೆನಿನ್ ಬರೆಯುವಾಗ ಕಾರ್ಮಿಕರಿಗೂ ತಮ್ಮದೇ ಆದ ಐಡಿಯಾಲಜಿ ಬೇಕು, ಸಮಾಜವಾದಿ ಐಡಿಯಾಲಜಿ ಅಂತ ಬಳಸಿದ. ಅಲ್ಲಿಂದಾಚೆಗೆ ಪದಕ್ಕೆ ಇವತ್ತು ನಾವು ಸುದ್ದಿಯಲ್ಲಿ ಕೇಳೋ ಅರ್ಥವೂ ಗಟ್ಟಿಯಾಗ್ತಾ ಬಂತು: ಸಮಾಜ ಹೇಗಿದೆ, ಹೇಗಿರಬೇಕು, ಅಲ್ಲಿಗೆ ಹೋಗೋ ದಾರಿ ಯಾವುದು ಅನ್ನೋದರ ಬಗ್ಗೆ ಒಂದು ಗುಂಪಿನ ನಂಬಿಕೆಗಳ ಕಟ್ಟು. 'ನಮ್ಮ ಪಕ್ಷದ ಐಡಿಯಾಲಜಿ' ಅಂತ ಎದೆ ತಟ್ಟಿಕೊಂಡು ಹೇಳೋ ಅರ್ಥ. ಹಾಗಾಗಿ ಇವತ್ತು ಪದಕ್ಕೆ ಎರಡು ಮುಖ. ನಂದಾದರೆ ಆದರ್ಶ, ನಿಂದಾದರೆ ಅಂಟುರೋಗ.

ಈ ಎರಡು ಮುಖದ ಆಟ ಹಿಡಿದುಕೊಟ್ಟ ಒಬ್ಬರಿದ್ದಾರೆ. ಕಾರ್ಲ್ ಮ್ಯಾನ್‌ಹೈಮ್. ಹಂಗೇರಿಯಲ್ಲಿ ಹುಟ್ಟಿ ಜರ್ಮನಿಯಲ್ಲಿ ಪಾಠ ಮಾಡ್ತಿದ್ದ ಸಮಾಜಶಾಸ್ತ್ರಜ್ಞ. 1929ರಲ್ಲಿ ಅವರ 'ಐಡಿಯಾಲಜಿ ಅಂಡ್ ಯುಟೋಪಿಯಾ' ಬಂತು. ಅವರ ವಾದದ ತಿರುಳು ಹೀಗಿದೆ: ಎದುರಾಳಿಯ ಯೋಚನೆ ಅವನು ನಿಂತ ಜಾಗದಿಂದ ಬಂದಿದೆ ಅಂತ ನೀನು ತೋರಿಸ್ತೀಯ. ಸರಿ. ಆದರೆ ಅದೇ ಟಾರ್ಚನ್ನ ನಿನ್ನ ಮುಖಕ್ಕೂ ಹಿಡಿ. ನೀನೂ ಎಲ್ಲೋ ಒಂದು ಜಾಗದಲ್ಲಿ ನಿಂತೇ ಮಾತಾಡ್ತಿದ್ದೀಯ. ನಾಲ್ಕು ವರ್ಷ ಆಗೋದರೊಳಗೆ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿ ಮೂಲದ ಮ್ಯಾನ್‌ಹೈಮ್ 1933ರಲ್ಲಿ ಕೆಲಸ ಕಳಕೊಂಡು ಇಂಗ್ಲೆಂಡ್ ಸೇರಿದರು. ಟಾರ್ಚ್ ತನ್ನ ಕಡೆ ತಿರುಗಿಸೋಕೆ ಒಪ್ಪದ ಐಡಿಯಾಲಜಿ ಎಲ್ಲಿಗೆ ಹೋಗಿ ಮುಟ್ಟುತ್ತೆ ಅನ್ನೋದನ್ನ ಅವರು ತಮ್ಮ ಬದುಕಲ್ಲೇ ನೋಡಿದರು.

ಈಗ ಸ್ವಲ್ಪ ನಮ್ಮ ಮನೆಗೆ ಬರೋಣ. ಕನ್ನಡದಲ್ಲಿ ಐಡಿಯಾಲಜಿಗೆ ಏನಂತೀವಿ?

ಹೆಚ್ಚಾಗಿ 'ಸಿದ್ಧಾಂತ'. 'ಪಕ್ಷದ ತತ್ವ ಸಿದ್ಧಾಂತ ಮೆಚ್ಚಿ ಸೇರಿದ್ದೇನೆ' ಅನ್ನೋ ವಾಕ್ಯ ಎಷ್ಟು ಸಲ ಕೇಳಿಲ್ಲ ನೀವು! ಐನ್‌ಸ್ಟೀನ್‌ದೂ ಸಾಪೇಕ್ಷತಾ ಸಿದ್ಧಾಂತ, ಪಕ್ಷದ್ದೂ ಸಿದ್ಧಾಂತ. ಆಮೇಲೆ 'ವಾದ' ಇದೆ. ಸಮಾಜವಾದ, ಉದಾರವಾದ, ರಾಷ್ಟ್ರೀಯವಾದ. ಅದೇ ವಾದ ಕೋರ್ಟಿಗೆ ಹೋದ್ರೆ ವಾದಿ, ಪ್ರತಿವಾದಿ. ಅಂದ್ರೆ ಕನ್ನಡದಲ್ಲಿ ಯಾವುದೇ ಇಸಂ ಹಿಡಿದ ಮನುಷ್ಯ ಒಬ್ಬ ವಾದಿ. ವಾದಿ ಇದ್ದ ಕಡೆ ಪ್ರತಿವಾದಿ ಇರಲೇಬೇಕು, ಅವನ ಮಾತು ಕೇಳದೆ ತೀರ್ಪು ಕೊಡೋಕಾಗಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾಗೋ ಪದ 'ಮತ'. ನೋಡಿ, ಮತ ಅಂದ್ರೆ ಅಭಿಪ್ರಾಯ. ಮತ ಅಂದ್ರೆ ಧರ್ಮ, ಪಂಥ. ಮತ ಅಂದ್ರೆ ವೋಟು. ಮೂಲ ಸಂಸ್ಕೃತದ ಧಾತು, ಯೋಚಿಸು ಅನ್ನೋ ಅರ್ಥದ್ದು. ಅದರಿಂದಲೇ ಒಮ್ಮತ, ಬಹುಮತ, ಭಿನ್ನಮತ, ಮತಗಟ್ಟೆ, ಮತಾಂತರ. ಯೋಚನೆ, ನಂಬಿಕೆ, ಅಧಿಕಾರ, ಮೂರೂ ಒಂದೇ ಪದದ ಹೊಟ್ಟೆಯಲ್ಲಿ. ಐಡಿಯಾಲಜಿ ಬಗ್ಗೆ ಯುರೋಪಿನೋರು ಇನ್ನೂರು ವರ್ಷ ಜಗಳ ಆಡಿದ್ದನ್ನ ನಾವು ಎರಡು ಅಕ್ಷರದಲ್ಲಿ ಇಟ್ಟುಕೊಂಡು ಓಡಾಡ್ತಿದ್ದೀವಿ.

ಸಿದ್ಧಾಂತಕ್ಕೆ ಒಂದ್ಸಲ ವಾಪಸ್ ಹೋಗೋಣ. ಸಿದ್ಧ ಮತ್ತು ಅಂತ. ಸಾಧಿಸಿ ತೋರಿಸಿ ಕೊನೆಗೆ ಬಂದು ಮುಟ್ಟಿದ್ದು. ಹಳೇ ಶಾಸ್ತ್ರಚರ್ಚೆಯಲ್ಲಿ ಸಿದ್ಧಾಂತ ಮೊದಲು ಬರೋ ಹಾಗೇ ಇಲ್ಲ. ಮೊದಲು ಪೂರ್ವಪಕ್ಷ. ಅಂದ್ರೆ ಎದುರಾಳಿ ಏನು ಹೇಳ್ತಾನೆ, ಯಾಕೆ ಹೇಳ್ತಾನೆ ಅಂತ ಅವನ ಪರವಾಗಿ ನೀನೇ ಮಂಡಿಸಬೇಕು. ಆಮೇಲೆ ನಿನ್ನ ಆಕ್ಷೇಪ. ಆಮೇಲೆ ಸಿದ್ಧಾಂತ. ವಿಜಯನಗರದ ಕಾಲದ 'ಸರ್ವದರ್ಶನ ಸಂಗ್ರಹ' ಅನ್ನೋ ಸಂಸ್ಕೃತ ಗ್ರಂಥ ಶುರುವಾಗೋದೇ ಚಾರ್ವಾಕರಿಂದ. ದೇವರಿಲ್ಲ, ಪರಲೋಕ ಇಲ್ಲ ಅಂದವರಿಂದ. ಬರೆದ ಮಾಧವ ಚಾರ್ವಾಕ ಅಲ್ಲ, ಅವರನ್ನ ಒಪ್ಪೋನೂ ಅಲ್ಲ. ಆದರೂ ಅವರ ವಾದಕ್ಕೆ ಮೊದಲ ಅಧ್ಯಾಯ ಕೊಟ್ಟ. ಚಾರ್ವಾಕರ ಸ್ವಂತ ಗ್ರಂಥಗಳು ಬಹುತೇಕ ಉಳಿದಿಲ್ಲ, ಅವರ ಬಗ್ಗೆ ನಮಗೆ ಗೊತ್ತಿರೋದರಲ್ಲಿ ಸಾಕಷ್ಟು ಬಂದಿರೋದು ಇಂಥ ಎದುರಾಳಿಗಳ ಪುಸ್ತಕಗಳಿಂದಲೇ.

ನಾವೀಗ ಏನು ಮಾಡ್ತೀವಿ? ಸಿದ್ಧಾಂತದಿಂದಲೇ ಶುರು. ಪೂರ್ವಪಕ್ಷ ಬ್ಲಾಕ್. ಫೋನೂ ಅದಕ್ಕೆ ಸರಿಯಾಗಿ ಹೊಂದಿಕೊಂಡಿದೆ. ನೀವು ಒಂದು ರೀಲ್ ಪೂರ್ತಿ ನೋಡಿದ್ರೆ ಅದೇ ಥರದ್ದು ಇನ್ನಷ್ಟು ಬರುತ್ತೆ. ತ್ರಾಸಿಯ ಮೊದಲ ಎರಡು ಮೆಟ್ಟಿಲು, ಅನುಭವ ಮತ್ತು ನೆನಪು, ಈಗ ಬಹುಪಾಲು ಸ್ಕ್ರೀನ್ ಮೇಲೇ ನಡೆದುಹೋಗುತ್ತೆ. ತೀರ್ಮಾನ ಮಾತ್ರ ನಮ್ಮದೇ ಅನ್ನಿಸುತ್ತೆ.

ಇಷ್ಟೆಲ್ಲ ಓದಿಕೊಂಡ ಮೇಲೆ ಒಂದು ಪ್ರಯೋಗ ಮಾಡೋಣ ಅನ್ನಿಸ್ತು. ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಯಾರು ಸರಿ ಅಂತ ಕೇಳಲಿಲ್ಲ. "ಚಿಕ್ಕಪ್ಪ, ಸುಮ್ಮನೆ ಕೇಳ್ತೀನಿ, ಬಿಟ್ಟಿ ಯಾವುದೂ ಇರಬಾರದು ಅಂತ ನಿಮಗೆ ಮೊದಲು ಅನ್ನಿಸಿದ್ದು ಯಾವಾಗ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಅಂಗಡಿ ಹಾಕೋಕೆ ಸಾಲ ಮಾಡಿದ ಮೊದಲ ಎರಡು ವರ್ಷ, ಬಸ್ ಚಾರ್ಜ್ ಉಳಿಸೋಕೆ ಸೈಕಲ್ಲಲ್ಲಿ ಹದಿನಾಲ್ಕು ಕಿಲೋಮೀಟರ್ ಹೋಗಿ ಬರ್ತಿದ್ದರಂತೆ. ಒಂದು ಕಂತೂ ತಪ್ಪಿಸಲಿಲ್ಲ. "ಅವತ್ತು ನನಗ್ಯಾರೂ ಏನೂ ಬಿಟ್ಟಿ ಕೊಡಲಿಲ್ಲ. ಈಗ ನಾನು ಕಟ್ಟೋ ತೆರಿಗೆಯಲ್ಲಿ ಕಾರಿರೋ ಹೆಂಗಸೂ ಪುಕ್ಕಟೆ ಹೋಗ್ತಾಳೆ, ಕೂಲಿ ಮಾಡೋ ಗಂಡಸು ಟಿಕೆಟ್ ತಗೋಬೇಕು. ಇದ್ಯಾವ ನ್ಯಾಯ ಹೇಳು?"

ತಂಗಿಗೂ ಅದೇ ಪ್ರಶ್ನೆ ಕೇಳಿದೆ. ಅವಳು ಕಾಲೇಜಿನ ಪಾಠ ಹೇಳಲಿಲ್ಲ. ಅವಳು ಚಿಕ್ಕೋಳಿದ್ದಾಗ ಅವಳ ಅಜ್ಜಿ, ಅಂದ್ರೆ ಅಮ್ಮನ ಅಮ್ಮ, ಪಕ್ಕದ ತಾಲ್ಲೂಕಿನ ಆಸ್ಪತ್ರೆಯಲ್ಲಿದ್ದರು. ದೊಡ್ಡಪ್ಪ ಕೆಲಸದ ಮೇಲೆ ಊರೂರು ತಿರುಗ್ತಿದ್ದ ಕಾಲ. ಕೈಯಲ್ಲಿ ಬಸ್ಸಿಗೆ ದುಡ್ಡಿಲ್ಲದೆ, ಯಾರನ್ನೂ ಕೇಳೋಕೆ ಮನಸ್ಸು ಬರದೆ, ದೊಡ್ಡಮ್ಮ ಮೂರು ದಿನ ಕಾದರಂತೆ. "ದುಡ್ಡಿಲ್ಲದ ಹೆಂಗಸಿಗೆ ಹೊಸಿಲು ದಾಟೋಕೂ ಇನ್ನೊಬ್ಬರ ಕೈ ನೋಡಬೇಕು ಅಣ್ಣ. ಯಾರು ಬಡವರು ಅಂತ ಕಾರ್ಡ್ ತೋರಿಸಿ ಸಾಬೀತು ಮಾಡಿ ಅಂದ್ರೆ ನಮ್ಮಮ್ಮನಂಥೋರು ನಾಚಿಕೆಗೆ ಹೋಗೋದೇ ಇಲ್ಲ. ಎಲ್ಲರಿಗೂ ಅಂತ ಕೊಟ್ಟರೇ ಸರಿ."

ನೋಡಿ, ಚಿಕ್ಕಪ್ಪನದು ವಾಟ್ಸ್‌ಆ್ಯಪ್ಪಲ್ಲಿ ಬಂದಿದ್ದಲ್ಲ, ಸೈಕಲ್ ಮೇಲೆ ಬಂದಿದ್ದು. ತಂಗಿದು ಕಾಲೇಜಲ್ಲಿ ತುಂಬಿದ್ದಲ್ಲ, ಅಡುಗೆಮನೆಯಲ್ಲಿ ನೋಡಿದ್ದು. ಅನುಭವ, ನೆನಪು, ತೀರ್ಮಾನ, ಬಯಕೆ. ನಾಲ್ಕೂ ಮೆಟ್ಟಿಲು ಇಬ್ಬರಲ್ಲೂ ಇದೆ. ಒಬ್ಬರು ನ್ಯಾಯ ಅಂದ್ರೆ ದುಡಿದವನಿಗೆ ಸಿಗೋ ಗೌರವ ಅಂತ ಕಲಿತರು, ಇನ್ನೊಬ್ಬಳು ನ್ಯಾಯ ಅಂದ್ರೆ ಕೈಚಾಚದೆ ಬದುಕೋದು ಅಂತ ಕಲಿತಳು. ಐಡಿಯಾಲಜಿಗಳ ಜಗಳ ಬಹಳ ಸಲ ಇಲ್ಲಿರುತ್ತೆ. ಪದ ಒಂದೇ, ಅದರೊಳಗೆ ಇಟ್ಟಿರೋ ನೆನಪು ಬೇರೆ.

ಹಾಗಂತ ಎಲ್ಲಾ ಐಡಿಯಾಲಜಿಯೂ ಒಂದೇ, ಎಲ್ಲರೂ ಸರಿ ಅಂತ ನಾನು ಹೇಳ್ತಿಲ್ಲ. ಬಸ್ಸಿಗೆ ಎಷ್ಟು ಖರ್ಚಾಗುತ್ತೆ, ಸಾರಿಗೆ ನಿಗಮಕ್ಕೆ ಆ ದುಡ್ಡು ಬರುತ್ತಾ, ಹೆಣ್ಣುಮಕ್ಕಳ ಓಡಾಟ, ದುಡಿಮೆ ಬದಲಾಯ್ತಾ, ಇವೆಲ್ಲ ಲೆಕ್ಕ ಹಾಕಿ ನೋಡಬಹುದಾದ ಪ್ರಶ್ನೆಗಳು, ನೋಡಲೇಬೇಕು. ಮನುಷ್ಯರನ್ನ ಮನುಷ್ಯರಲ್ಲ ಅನ್ನೋ ಐಡಿಯಾಲಜಿಯೂ ಇದೆ, ಮ್ಯಾನ್‌ಹೈಮ್ ಓಡಬೇಕಾಗಿದ್ದು ಅಂಥದ್ದರಿಂದಲೇ. ಅದಕ್ಕೆ ಎದುರು ನಿಲ್ಲೋಕೂ ಅದು ಎಲ್ಲಿಂದ ಬಂತು ಅಂತ ಗೊತ್ತಿರಬೇಕು. 'ನಂಗೆ ಯಾವ ಐಡಿಯಾಲಜಿನೂ ಇಲ್ಲಪ್ಪ, ನಾನು ನ್ಯೂಟ್ರಲ್' ಅನ್ನೋರಿಗೆ ಮಾತ್ರ ಒಂದು ಮಾತು: ಸಮಾಜ ಹೇಗಿರಬೇಕು ಅಂತ ನಿಮಗೊಂದು ಆಸೆ ಇದ್ದರೆ ಅದು ನಿಮಗೂ ಇದೆ. ನೋಡಿಕೊಂಡಿಲ್ಲ ಅಷ್ಟೇ.

ಈ ವಾರ ಒಂದೇ ಒಂದು ಕೆಲಸ. ನೀವು ತುಂಬಾ ಗಟ್ಟಿಯಾಗಿ ನಂಬಿರೋ ಒಂದು ರಾಜಕೀಯ ಅಭಿಪ್ರಾಯ ತಗೊಳ್ಳಿ. ಇದು ನನಗೆ ಮೊದಲು ಅನ್ನಿಸಿದ್ದು ಯಾವಾಗ, ಎಲ್ಲಿ, ಯಾರು ಹೇಳಿದಾಗ ಅಂತ ಹಿಂದಕ್ಕೆ ಇಳೀತಾ ಹೋಗಿ. ಆಮೇಲೆ ಅದನ್ನ ಒಪ್ಪದ ಒಬ್ಬರ ಮಾತನ್ನ, ಅವರೇ ಕೇಳಿದ್ರೂ 'ಹೌದು, ನಾನು ಹೇಳೋದು ಇದನ್ನೇ' ಅನ್ನೋ ಹಾಗೆ ಹೇಳೋಕಾಗುತ್ತಾ ನೋಡಿ. ಪೂರ್ವಪಕ್ಷ ಅಂದ್ರೆ ಇದೇ.

ನಮ್ಮ ಮನೆಯಲ್ಲಿ ಏನಾಯ್ತು ಅಂತ ಕೇಳ್ತೀರಾ? ತಂಗಿ ಒಪ್ಪಿದ ಮೇಲೆ ಆ ಆಸ್ಪತ್ರೆ ಕಥೆಯನ್ನ ಚಿಕ್ಕಪ್ಪನಿಗೆ ಹೇಳಿದೆ. ಅವರಿಗೆ ಗೊತ್ತೇ ಇರಲಿಲ್ಲ. "ಅತ್ತಿಗೆ ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲೋ" ಅಂದರು. ಆಮೇಲೆ ಮಾತಾಡಲಿಲ್ಲ. ಉಚಿತ ಬಸ್ ಬಗ್ಗೆ ಅವರ ಅಭಿಪ್ರಾಯ ಬದಲಾಗಿಲ್ಲ, ಅವಳದೂ ಬದಲಾಗಿಲ್ಲ. ಅವಳು ಇನ್ನೂ ಗ್ರೂಪಿಗೆ ವಾಪಸ್ ಬಂದಿಲ್ಲ. ಆದರೆ ಫೋನ್ ಇಡೋಕೆ ಮುಂಚೆ ಚಿಕ್ಕಪ್ಪ ಕೇಳಿದರು, "ಅವಳ ಪರೀಕ್ಷೆ ಯಾವಾಗ ಮುಗಿಯುತ್ತೆ? ಮುಗಿದ ಮೇಲೆ ಒಂದ್ಸಲ ಮನೆ ಕಡೆ ಬರೋಕೆ ಹೇಳು."

ನಾನು ಹೇಳಿದ್ದೀನಿ. ನೋಡೋಣ.

ನಿಮ್ಮ ಮನೆಯಲ್ಲೂ ಹೀಗೆ ಮಾತು ನಿಂತುಹೋದ ಕಥೆ ಇದ್ದರೆ ನಮಗೆ ಧ್ವನಿ ಸಂದೇಶ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಇನ್ನೊಂದು ಪದದ ಜೊತೆ ಸಿಗ್ತೀನಿ. ಅಲ್ಲಿವರೆಗೂ, ನಮಸ್ಕಾರ.